ಗಾಡಿ ಆಲ್ಟರೇಷನ್‌ಗೆ ಕಾನೂನಿನ ತಡೆ ಬೇಕಾ?

ಪರ

ರಾತ್ರಿ ಹತ್ತರ ಮೇಲೆ ಮೈಸೂರಿನ ಇರ್ವಿನ್ ರಸ್ತೆಯಲ್ಲಿ ಕೆ.ಆರ್. ಆಸ್ಪತ್ರೆ ಹತ್ತಿರ ನಿಂತು ನೋಡಿ. ಸೈಲೆನ್ಸರ್ ಒಳಗೆ ಸದ್ದು ತಗ್ಗಿಸುವ ತಟ್ಟೆ, ಅಂದರೆ ಬ್ಯಾಫಲ್, ತೆಗೆಸಿದ ಬುಲೆಟ್ ಒಂದು ಬರುತ್ತದೆ. ಗಾಡಿ ಓಡುತ್ತಿರುವಾಗಲೇ ಸವಾರ ಕೀ ಆಫ್ ಮಾಡಿ ಮತ್ತೆ ಆನ್ ಮಾಡುತ್ತಾನೆ, ಪಟಾಕಿ ಹೊಡೆದ ಹಾಗೆ ಢಂ ಅನ್ನುತ್ತದೆ. ಒಳಗೆ ಆಪರೇಷನ್ ಆದವರು, ಪಕ್ಕದ ಚೆಲುವಾಂಬ ಆಸ್ಪತ್ರೆಯಲ್ಲಿ ಹೆರಿಗೆಯಾದವರು ಮಲಗಿರುತ್ತಾರೆ. ಆಸ್ಪತ್ರೆ ಸುತ್ತ 100 ಮೀಟರ್ ನಿಶ್ಶಬ್ದ ವಲಯ, ರಾತ್ರಿ 40 ಡೆಸಿಬಲ್ ದಾಟಬಾರದು ಅಂತ 2000ನೇ ಇಸವಿಯ ನಿಯಮವಿದೆ. ಅವನ ಶೋಕಿಗೆ ಇವರೆಲ್ಲ ಯಾಕೆ ನಿದ್ದೆಗೆಡಬೇಕು?

ಲೈಟಿನದು ಇನ್ನೂ ಅಪಾಯ. ಹ್ಯಾಲೊಜನ್ ಬಲ್ಬಿಗೆ ಅಂತ ಮಾಡಿದ ಹೆಡ್‌ಲೈಟ್ ಡೂಮಿಗೆ ಎಲ್‌ಇಡಿ ಬಲ್ಬ್ ತುರುಕಿದರೆ ಬೆಳಕು ಚೆದುರಿ ಎದುರಿನವನ ಕಣ್ಣಿಗೆ ಹೊಡೆಯುತ್ತದೆ. ಮಂಡ್ಯ ಕಡೆ ಕಬ್ಬು ಕಡಿಯುವ ಕಾಲದಲ್ಲಿ, ಹಿಂದೆ ಒಂದು ರಿಫ್ಲೆಕ್ಟರ್ ಕೂಡ ಇಲ್ಲದ ಟ್ರೇಲರ್ ಮುಂದೆ ಹೋಗುತ್ತಿದ್ದರೆ, ಆ ಒಂದು ಕ್ಷಣ ಕಣ್ಣು ಕತ್ತಲಾದವನ ಗತಿ ಏನು? ಇಂಥ ಬಲ್ಬು, ಸೈಲೆನ್ಸರ್‌ಗಳನ್ನು ಮಾರುವ ಅಂಗಡಿಯಲ್ಲೇ ತಡೆಯಬೇಕು. ರಸ್ತೆಯಲ್ಲಿ ಹಿಡಿಯುವ ಹೊತ್ತಿಗೆ ತಡವಾಗಿರುತ್ತದೆ.

ವಿರೋಧ

ಆ ಸದ್ದು ನನಗೂ ಬೇಡ. ಆದರೆ ಅದಕ್ಕೆ ಹೊಸ ನಿಷೇಧ ಯಾಕೆ? ಕಂಪನಿ ಕೊಟ್ಟಿದ್ದಕ್ಕೂ ಆರ್‌ಸಿಯಲ್ಲಿ ಇರುವುದಕ್ಕೂ ವ್ಯತ್ಯಾಸ ಬರುವ ಹಾಗೆ ಗಾಡಿ ಬದಲಾಯಿಸಬಾರದು ಅಂತ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಆಗಲೇ ಹೇಳುತ್ತದೆ. 2019ರ ತಿದ್ದುಪಡಿ ಬಂದ ಮೇಲೆ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು. ಇಷ್ಟಿದ್ದೂ ಸದ್ದು ನಿಂತಿಲ್ಲ ಅಂದರೆ ಕೊರತೆ ಇರುವುದು ಕಾನೂನಿನಲ್ಲಲ್ಲ, ಹಿಡಿಯುವುದರಲ್ಲಿ.

ನಿಷೇಧದ ಪಟ್ಟಿ ಬೆಳೆದಷ್ಟೂ ಪಾಪದವರು ಸಿಕ್ಕಿಹಾಕಿಕೊಳ್ಳುತ್ತಾರೆ. ನಮ್ಮ ಮೈಸೂರಿನದೇ ಗಾಡಿ ಯೆಜ್ಡಿ ತಗೊಳ್ಳಿ. ಅದನ್ನು ಮಾಡುತ್ತಿದ್ದ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಹಳೇ ಯೆಜ್ಡಿಯ 6 ವೋಲ್ಟ್ ಹೆಡ್‌ಲೈಟ್‌ನಲ್ಲಿ ರಾತ್ರಿ ಗುಂಡಿ ಕಾಣುವುದೇ ಕಷ್ಟ, ಹಾಗಾಗಿ ಎಷ್ಟೋ ಜನ 12 ವೋಲ್ಟ್‌ಗೆ ಬದಲಾಯಿಸಿಕೊಳ್ಳುತ್ತಾರೆ. ಇದರಿಂದ ಗಾಡಿ ಸೇಫ್ ಆಯಿತೇ ಹೊರತು ಕೆಟ್ಟಿಲ್ಲ, ಅಲ್ವಾ? ಹೊಸ ಪಟ್ಟಿಯಲ್ಲಿ "ಲೈಟ್ ಬದಲಾಯಿಸುವಂತಿಲ್ಲ" ಅಂತ ಒಂದು ಸಾಲು ಬಂದರೆ ಇವರೆಲ್ಲ ಅಪರಾಧಿಗಳು. ಕಾಲಿನ ಶಕ್ತಿ ಇಲ್ಲದವರು ಸ್ಕೂಟರ್‌ಗೆ ಎರಡು ಚಕ್ರ ಜಾಸ್ತಿ ಹಾಕಿಸಿಕೊಳ್ಳುವುದೂ ಆಲ್ಟರೇಷನ್ನೇ. ಅದಕ್ಕೆ ಕಾನೂನಿನಲ್ಲೇ ದಾರಿ ಇದೆ. ಸಿಎನ್‌ಜಿ ಕಿಟ್‌ಗೂ ಇದೆ, ಒಪ್ಪಿಗೆ ಸಿಕ್ಕಿರುವ ಕಿಟ್ ಹಾಕಿಸಿ ಆರ್‌ಸಿಯಲ್ಲಿ ಬರೆಸಬೇಕು, ಅಷ್ಟೇ. ಅಂಥದ್ದೇ ದಾರಿ ಲೈಟಿಗೂ ಬ್ರೇಕಿಗೂ ಬರಲಿ. ಸದ್ದಿನ ವಿಷಯಕ್ಕೆ ಬಂದರೆ, ಟ್ರಾಫಿಕ್ ಠಾಣೆಗೆ ಒಂದೊಂದು ಡೆಸಿಬಲ್ ಮೀಟರ್ ಕೊಡಿ, ಮಿತಿ ಮೀರಿದವನ ಹತ್ತಿರ ಅಲ್ಲೇ ದಂಡ ಕಟ್ಟಿಸಿಕೊಳ್ಳಿ.