ಎನ್‌ಐಸಿಯು ಬಾಗಿಲಲ್ಲಿ ಅಪ್ಪಂದಿರನ್ನು ತಡೆಯಬೇಡಿ

ದಿನ ತುಂಬದೇ ಹುಟ್ಟಿದ ಮಕ್ಕಳ ಅಪ್ಪನನ್ನು ಎನ್‌ಐಸಿಯು (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಬಾಗಿಲ ಹೊರಗೆ ನಿಲ್ಲಿಸುವ ಪದ್ಧತಿ ಹೋಗಬೇಕು. ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ ಹೋಗಬೇಕು. ಇದನ್ನು ಬರೆಯಬೇಕು ಅಂತ ಬಹಳ ದಿನದಿಂದ ಮನಸ್ಸಿನಲ್ಲಿತ್ತು. ಈಗ ನಮ್ಮ ಮೂರೂ ಮಕ್ಕಳು ಮನೆಯಲ್ಲಿದ್ದಾರೆ, ಆರಾಮಾಗಿದ್ದಾರೆ. ಮೂವರೂ ಒಟ್ಟಿಗೆ ಮಲಗಿರುವ ಹೊತ್ತು ನೋಡಿ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಮಗೆ ತ್ರಿವಳಿ ಮಕ್ಕಳು, ಇಬ್ಬರು ಹೆಣ್ಣು, ಒಬ್ಬ ಗಂಡು. 30 ವಾರಕ್ಕೇ ಹೆರಿಗೆ ಆಯಿತು. ದಿನ ತುಂಬಿತು ಅನ್ನಬೇಕಾದರೆ 37 ವಾರವಾದರೂ ಆಗಬೇಕು. ತ್ರಿವಳಿಗಳು ಅಷ್ಟು ದಿನ ಹೊಟ್ಟೆಯಲ್ಲಿ ನಿಲ್ಲುವುದೇ ಅಪರೂಪ, ಸಾಮಾನ್ಯವಾಗಿ 32-33 ವಾರದ ಆಸುಪಾಸಿನಲ್ಲಿ ಹುಟ್ಟಿಬಿಡುತ್ತಾರೆ ಅಂತ ಡಾಕ್ಟರು ಮೊದಲೇ ಹೇಳಿದ್ದರು. ನಮಗೆ ಅಷ್ಟೂ ಸಿಗಲಿಲ್ಲ. ದೊಡ್ಡವಳು 1350 ಗ್ರಾಂ, ಮಗ 1210, ಸಣ್ಣವಳು 980. ನಾನು ಕಲಬುರಗಿಯ ಒಂದು ಬೇಳೆ ಮಿಲ್ಲಿನಲ್ಲಿ ಲೆಕ್ಕ ಬರೆಯುವವನು. ಒಂದು ಕಿಲೋ ತೊಗರಿ ಬೇಳೆಯ ಪ್ಯಾಕೆಟ್ ನನ್ನ ಟೇಬಲ್ ಮೇಲೆ ಯಾವಾಗಲೂ ಇರುತ್ತದೆ. ನನ್ನ ಮಗಳು ಅದಕ್ಕಿಂತ ಹಗುರ ಇದ್ದಳು.

ಸಿಸೇರಿಯನ್ ಆದ ಹೆಂಡತಿ ಮೇಲಿನ ಮಹಡಿಯಲ್ಲಿ, ಮಕ್ಕಳು ಕೆಳಗೆ ಎನ್‌ಐಸಿಯುನಲ್ಲಿ, ನಾನು ನಡುವಿನ ಮೆಟ್ಟಿಲಲ್ಲಿ. ಬಾಗಿಲಲ್ಲಿದ್ದ ಸೆಕ್ಯೂರಿಟಿ ಅಣ್ಣ ಕೈ ಅಡ್ಡ ಹಿಡಿದು ಹೇಳಿದ, "ಗಂಡಸರಿಗಿ ಒಳಗ ಬಿಡಂಗಿಲ್ಲರಿ ಸರ. ತಾಯಿಗಷ್ಟೇ ಬಿಡ್ತೀವಿ." ಅವನದೇನೂ ತಪ್ಪಿಲ್ಲ, ಮೇಲಿನವರು ಹೇಳಿದ್ದನ್ನು ಮಾಡಿದ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಗಾಜಿನಾಚೆಯಿಂದ ಮಕ್ಕಳನ್ನು ತೋರಿಸುತ್ತಿದ್ದರು. ಯಾವ ವಾರ್ಮರ್‌ನಲ್ಲಿ (ಕೂಸನ್ನು ಬೆಚ್ಚಗಿಡುವ ಹಾಸಿಗೆ) ಯಾವ ಕೂಸು ಅಂತ ತಿಳಿಯುವಷ್ಟರಲ್ಲಿ ಪರದೆ ಎಳೆಯುತ್ತಿದ್ದರು. ಔಷಧಿ ಚೀಟಿ ಕೊಡುವಾಗ, ಬಿಲ್ ಕಟ್ಟುವಾಗ, ರಕ್ತದ ಸ್ಯಾಂಪಲ್ ಲ್ಯಾಬಿಗೆ ಒಯ್ಯುವಾಗ ಮಾತ್ರ ನನ್ನನ್ನು ಕೂಗುತ್ತಿದ್ದರು.

ಬರೀ ನನ್ನ ಮನಸ್ಸಿಗೆ ಆದ ನೋವಿನ ಮಾತಾಗಿದ್ದರೆ ಇಷ್ಟುದ್ದ ಬರೆಯುತ್ತಿರಲಿಲ್ಲ. ಇದು ಮಕ್ಕಳ ಚಿಕಿತ್ಸೆಯ ಮಾತು.

ಕಾಂಗರೂ ಕೇರ್ ಅಂತ ಕೇಳಿರಬಹುದು. ಕೂಸಿಗೆ ಬರೀ ಡೈಪರ್, ಟೋಪಿ, ಕಾಲುಚೀಲ ಹಾಕಿ, ದೊಡ್ಡವರ ಬರಿ ಎದೆಯ ಮೇಲೆ ನೆಟ್ಟಗೆ ಮಲಗಿಸಿ, ಮೇಲೆ ಬಟ್ಟೆ ಸುತ್ತಿ ಕಟ್ಟುವುದು. ಕೊಲಂಬಿಯಾದ ಬೊಗೋಟಾದಲ್ಲಿ 1970ರ ದಶಕದ ಕೊನೆಗೆ, ಮಕ್ಕಳನ್ನು ಬೆಚ್ಚಗಿಡುವ ಇನ್‌ಕ್ಯುಬೇಟರ್ ಪೆಟ್ಟಿಗೆ ಸಾಲದೇ ಹೋದಾಗ ಅಲ್ಲಿನ ಡಾಕ್ಟರುಗಳು ಇದನ್ನು ಶುರು ಮಾಡಿದರು. ಏನೂ ಇಲ್ಲದವರ ಉಪಾಯ ಅಂತ ಇದನ್ನು ತಳ್ಳಿಹಾಕುವ ಹಾಗಿಲ್ಲ. ಭಾರತವೂ ಸೇರಿ ಐದು ದೇಶಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಡೆಸಿದ ಅಧ್ಯಯನ 2021ರಲ್ಲಿ ಹೊರಬಂತು. ಒಂದರಿಂದ 1.8 ಕಿಲೋ ಒಳಗಿನ ಮಕ್ಕಳಿಗೆ ಹುಟ್ಟಿದ ಕೂಡಲೇ ಕಾಂಗರೂ ಕೇರ್ ಶುರು ಮಾಡಿದರೆ, ಸ್ಥಿತಿ ಸುಧಾರಿಸಲಿ ಅಂತ ಕಾದು ಆಮೇಲೆ ಮಾಡುವುದಕ್ಕಿಂತ, ಮೊದಲ 28 ದಿನದಲ್ಲಿ ಸಾವು ಶೇ 25ರಷ್ಟು ಕಡಿಮೆ ಆಯಿತು. ಮಾರನೇ ವರ್ಷವೇ ಆ ಸಂಸ್ಥೆ ತನ್ನ ಶಿಫಾರಸು ಬದಲಿಸಿತು. ದಿನಕ್ಕೆ ಎಂಟರಿಂದ 24 ತಾಸು, ಎಷ್ಟು ಜಾಸ್ತಿ ಆದರೆ ಅಷ್ಟು ಒಳ್ಳೆಯದು ಅಂದಿತು.

ಈಗ ಲೆಕ್ಕ ಹಾಕಿ. ಒಂದು ಕೂಸಿಗೆ ಕಡಿಮೆ ಅಂದರೂ ಎಂಟು ತಾಸು. ಮೂರೆಂಟ್ಲೆ ಇಪ್ಪತ್ನಾಲ್ಕು. ಹೊಟ್ಟೆ ಕೊಯ್ಸಿಕೊಂಡ ಒಬ್ಬ ಬಾಣಂತಿ ಹಗಲೂ ರಾತ್ರಿ ಉಣ್ಣದೇ, ಮಲಗದೇ, ಬಚ್ಚಲಿಗೂ ಹೋಗದೇ ಕೂತರೆ ಆ ಲೆಕ್ಕ ಸರಿಹೋಗುತ್ತದೆ! ಇಬ್ಬರನ್ನು ಒಟ್ಟಿಗೆ ಎದೆಗೆ ಹಾಕಿಕೊಳ್ಳಬಹುದು, ನಿಜ. ನಾವೂ ಆಮೇಲೆ ಹಾಗೆ ಮಾಡಿದೆವು. ಆದರೆ ಮೂಗಿಗೆ ಉಸಿರಾಟಕ್ಕೆ ನೆರವಾಗುವ ಸಿಪಾಪ್ ನಳಿಗೆ, ಕೈಗೆ ಸಲೈನ್ ಇರುವ ದಿನಗಳಲ್ಲಿ ಒಬ್ಬರನ್ನು ಸಂಭಾಳಿಸುವುದೇ ಕಷ್ಟ.

ಜೊತೆಗೆ ಹಾಲು. ಅವಳು ಎರಡು-ಮೂರು ತಾಸಿಗೊಮ್ಮೆ ಹಿಂಡಿ ತೆಗೆಯಬೇಕು, ನಡುರಾತ್ರಿಯೂ ಬಿಡುವ ಹಾಗಿಲ್ಲ. ಬಿಟ್ಟರೆ ಹಾಲು ಕಡಿಮೆಯಾಗುತ್ತದೆ. ಚೀಪುವುದು, ನುಂಗುವುದು, ಉಸಿರಾಡುವುದು ಮೂರನ್ನೂ ಹೊಂದಿಸಿಕೊಳ್ಳಲು ಇಂಥ ಮಕ್ಕಳಿಗೆ ಬಸಿರಿನ ಲೆಕ್ಕದಲ್ಲಿ ಸುಮಾರು 34 ವಾರ ಆಗಬೇಕು. ಅಲ್ಲಿಯವರೆಗೆ ಬಾಯಿಯಿಂದ ಹೊಟ್ಟೆಗೆ ಸಣ್ಣ ನಳಿಗೆ. ಸಿರಿಂಜಿನ ದಂಡ ತೆಗೆದು, ಹಾಲು ಹಾಕಿ, ಎತ್ತಿ ಹಿಡಿದರೆ ತಾನಾಗಿಯೇ ಇಳಿಯುತ್ತದೆ. ಮೊದಲ ದಿನಗಳಲ್ಲಿ ಸಣ್ಣವಳಿಗೆ ಒಂದು ಸಲಕ್ಕೆ ಎರಡು ಎಂಎಲ್. ಒಂದು ಚಮಚೆಯೂ ಇಲ್ಲ. ಹೆಂಡತಿ ಹಿಂಡಿದ ಹಾಲನ್ನು ಮೂರು ಪಾಲು ಮಾಡಿ, ಮೂರು ಚೀಟಿ ಅಂಟಿಸಿ, ಬಾಗಿಲವರೆಗೆ ತಂದುಕೊಡುವುದಷ್ಟೇ ನನ್ನ ಕೆಲಸ.

ಒಂದು ದಿನ ರೌಂಡ್ಸಿಗೆ ಹೊಸದಾಗಿ ಬಂದ ಮಕ್ಕಳ ಡಾಕ್ಟರು ನನ್ನ ಹೆಂಡತಿಯನ್ನು ನೋಡಿ ಸಿಸ್ಟರಿಗೆ ಕೇಳಿದರಂತೆ, "ಮೂರು ಮಕ್ಕಳಿಗೆ ಇವರೊಬ್ಬರೇನಾ? ಅಪ್ಪ ಎಲ್ಲಿ?" ಅವತ್ತೇ ನನ್ನನ್ನು ಒಳಗೆ ಕರೆದರು.

ಮೊಣಕೈವರೆಗೆ ಕೈ ತೊಳೆಸಿದರು. ಉಂಗುರ, ವಾಚು, ಕೈಗೆ ಕಟ್ಟಿದ್ದ ದರ್ಗಾದ ದಾರ ಎಲ್ಲಾ ತೆಗೆಸಿದರು. ಅಂಗಿ ಗುಂಡಿ ಬಿಚ್ಚಿ, ಹಿಂದಕ್ಕೆ ಒರಗುವ ಕುರ್ಚಿಯಲ್ಲಿ ಕೂಡಿಸಿ, ಸಣ್ಣವಳನ್ನು ತಂದು ಎದೆ ಮೇಲೆ ಇಟ್ಟರು. ಕಪ್ಪೆಯ ಹಾಗೆ ಕೈಕಾಲು ಮಡಚಿಸಿ, ಮುಖ ಒಂದು ಕಡೆ ತಿರುಗಿಸಿ, ಕತ್ತು ಬಾಗದಂತೆ ಸುತ್ತಿ ಕಟ್ಟಿದರು. ಅಂಗಾಲಿಗೆ ಕಟ್ಟಿದ್ದ ಪಟ್ಟಿಯಲ್ಲಿ ಕೆಂಪು ದೀಪ ಹೊಳೆಯುತ್ತಿತ್ತು. ಬೆನ್ನ ಮೇಲೆಲ್ಲ ನವಿರು ಕೂದಲು. ನನ್ನ ಒಂದು ಅಂಗೈ ಅಗಲಿಸಿದರೆ ಅವಳ ಬೆನ್ನು ಪೂರ್ತಿ ಮುಚ್ಚುತ್ತಿತ್ತು. ಸ್ವಲ್ಪ ಹೊತ್ತಿಗೆ ಮಾನಿಟರ್ ಕೂಗತೊಡಗಿತು. ನನ್ನ ಜೀವ ಬಾಯಿಗೆ ಬಂತು. ಸಿಸ್ಟರ್ ಓಡಿ ಬರಲಿಲ್ಲ, ನಡೆದೇ ಬಂದರು. "ಉಸುರು ಮರ್ತಾಳ ನೋಡ್ರಿ ಸರ. ಕಾಲಿಗಿ ಮೆಲ್ಲಕ ಬಡೀರಿ" ಅಂದರು. ಬೆರಳಿಂದ ಅಂಗಾಲಿಗೆ ಎರಡು ಸಲ ತಟ್ಟಿದೆ. ಅವಳು ಮೈ ಮುರಿದು ಉಸಿರು ಎಳೆದಳು. ಮಾನಿಟರ್ ಮೇಲಿನ ರಕ್ತದ ಆಮ್ಲಜನಕದ ಅಂಕಿ 80ರಿಂದ ಮೆಲ್ಲಗೆ 94ಕ್ಕೆ ಏರಿತು.

ಈ ವಯಸ್ಸಿನ ಮಕ್ಕಳು ಹೀಗೆ ಉಸಿರಾಡುವುದನ್ನೇ ಮರೆಯುತ್ತಾರೆ, ಮೆದುಳು ಇನ್ನೂ ಬಲಿತಿರುವುದಿಲ್ಲ. ಅದಕ್ಕೆ ಕೊಡುವ ಔಷಧಿ ಕೆಫೀನ್. ಹೌದು, ಕಾಫಿಯಲ್ಲಿರುವುದೇ. ಇದೆಲ್ಲ ನನಗೆ ತಿಳಿದದ್ದು ಒಳಗೆ ಕೂತ ಮೇಲೆ. ಡೈಪರ್ ಬದಲಿಸುವುದು, ಸಿರಿಂಜು ಹಿಡಿಯುವುದು, ಆಮೇಲೆ ಒಳಲೆಯಲ್ಲಿ ಹನಿಹನಿಯಾಗಿ ಕುಡಿಸುವುದು, ಯಾವ ಕೂಗಿಗೆ ಸಿಸ್ಟರನ್ನು ಕರೆಯಬೇಕು, ಯಾವುದಕ್ಕೆ ಬೇಡ, ಎಲ್ಲವನ್ನೂ ಕಲಿಸಿದರು. ಪಾಪ, ಒಬ್ಬೊಬ್ಬ ಸಿಸ್ಟರ್ ಎಷ್ಟೆಷ್ಟು ಕೂಸುಗಳನ್ನು ನೋಡಿಕೊಳ್ಳಬೇಕು! ನನ್ನಂಥವನೊಬ್ಬ ಕಲಿತರೆ ಅವರಿಗೂ ಅಷ್ಟು ಭಾರ ಇಳಿಯುತ್ತದೆ. ನನ್ನ ಹೆಂಡತಿ ಅವತ್ತು ರಾತ್ರಿ ಹೆರಿಗೆಯಾದ ಮೇಲೆ ಮೊದಲ ಸಲ ನಾಲ್ಕು ತಾಸು ಒಂದೇ ಸಮ ಮಲಗಿದಳು.

ಸೋಂಕು ಬರುತ್ತದೆ, ಅದಕ್ಕೇ ಬಿಡುವುದಿಲ್ಲ ಅನ್ನುವವರಿದ್ದಾರೆ. ಸೋಂಕಿನ ಹೆದರಿಕೆ ಸುಳ್ಳಲ್ಲ. ಆದರೆ ಸೋಂಕು ತೊಳೆಯದ ಕೈಯಿಂದ ಬರುತ್ತದೆ, ಅದಕ್ಕೆ ಗಂಡಸು ಹೆಂಗಸು ಅಂತಿಲ್ಲ. ನಾನು ಹೇಳಿದ ಅಧ್ಯಯನದಲ್ಲಿ ಮಕ್ಕಳನ್ನು ಮನೆಯವರ ಎದೆಗೆ ಕೊಟ್ಟ ಕಡೆಯೇ ನಂಜು ಕೂಡ ಕಡಿಮೆ ಕಂಡಿತು. ಇನ್ನೊಂದು ಕಾರಣ ಹೇಳುತ್ತಾರೆ, ಅದು ನನಗೂ ಒಪ್ಪಿಗೆ. ಒಳಗೆ ಬೇರೆ ತಾಯಂದಿರು ಹಾಲು ಹಿಂಡುತ್ತಿರುತ್ತಾರೆ, ಎದೆಗೆ ಕೂಸು ಹಾಕಿಕೊಂಡಿರುತ್ತಾರೆ. ಆಳಂದ, ಜೇವರ್ಗಿ, ಚಿಂಚೋಳಿ ಕಡೆಯ ಹಳ್ಳಿಗಳಿಂದ ಬಂದ ಹೆಣ್ಣುಮಕ್ಕಳು ಪರ ಗಂಡಸಿನ ಮುಂದೆ ಹೇಗೆ ಕೂಡಬೇಕು? ಕೂಡಬಾರದು. ಅದಕ್ಕೆ ಒಂದು ಅಡ್ಡಪರದೆ, ನಾಲ್ಕು ಕುರ್ಚಿ, ಅಪ್ಪಂದಿರಿಗೆ ಬೇರೆ ಹೊತ್ತು ಇಟ್ಟರೆ ಸಾಕು. ನನ್ನನ್ನು ಬಿಟ್ಟಿದ್ದೂ ಹಾಗೆಯೇ, ಮೂಲೆಯಲ್ಲಿ ಹಸಿರು ಬಟ್ಟೆ ಇಳಿಬಿಟ್ಟು. ಬಟ್ಟೆ ಕಟ್ಟಿದ ಮೇಲೆ ಯಾರೂ ತಕರಾರು ಮಾಡಲಿಲ್ಲ.

ಇದೇನೂ ನಾನು ಹೊಸದಾಗಿ ಕೇಳುತ್ತಿರುವುದಲ್ಲ. ಕಾಂಗರೂ ಕೇರ್ ಬಗ್ಗೆ ಕೇಂದ್ರ ಆರೋಗ್ಯ ಇಲಾಖೆ 2014ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲೇ ತಾಯಿಯ ಜೊತೆ ತಂದೆ, ಮನೆಯ ಬೇರೆಯವರೂ ಮಾಡಬಹುದು ಅಂತಿದೆ. 2017ರಲ್ಲಿ ಇನ್ನೊಂದು ಮಾರ್ಗಸೂಚಿ ಬಂತು. ಸರ್ಕಾರಿ ಆಸ್ಪತ್ರೆಗಳ ನವಜಾತ ಶಿಶು ಘಟಕದಲ್ಲಿ ಮನೆಯವರನ್ನು ಒಳಗೆ ಕರೆದು, ಕಲಿಸಿ, ಮಗುವಿನ ಆರೈಕೆಯಲ್ಲಿ ಸೇರಿಸಿಕೊಳ್ಳಬೇಕು ಅನ್ನುವುದೇ ಅದರ ಸಾರ. ನಮ್ಮ ಕಲ್ಯಾಣ ಕರ್ನಾಟಕದ್ದೇ ಕೊಪ್ಪಳ ಜಿಲ್ಲೆಯಲ್ಲಿ ಆಸ್ಪತ್ರೆಯಿಂದ ಹಿಡಿದು ಮನೆಯವರೆಗೆ ಕಾಂಗರೂ ಕೇರ್ ಮಾಡಿಸಿ ತೋರಿಸಿದ್ದಾರೆ. ಅಲ್ಲಿ ಆಗುವುದು ಇಲ್ಲಿ ಯಾಕೆ ಆಗಬಾರದು?

ಬಾಗಿಲು ತೆರೆದರೂ ಅಪ್ಪ ಅಲ್ಲಿರಬೇಕಲ್ವಾ? ಕಾರಿಡಾರಿನಲ್ಲಿ ನನ್ನ ಪಕ್ಕ ಚಾಪೆ ಹಾಕುತ್ತಿದ್ದ ಹುಡುಗ ಶಹಾಬಾದ್ ಕಲ್ಲಿನ ಪಾಲಿಶ್ ಕೆಲಸದವನು. ದಿನಗೂಲಿ. ಕೂಸು ವಾರ್ಮರ್‌ನಲ್ಲಿದ್ದಾಗಲೇ ಕೆಲಸಕ್ಕೆ ಹೋದ. ಹೋಗದಿದ್ದರೆ ಹೆಂಡತಿ, ಅತ್ತೆ ಇಬ್ಬರ ಊಟಕ್ಕೂ ದುಡ್ಡಿರಲಿಲ್ಲ. ನನ್ನ ಮಾಲೀಕರು ಮನುಷ್ಯತ್ವ ಇರುವವರು, "ಲೆಕ್ಕ ಆಮೇಲ ಬರಿಯಂತಿ, ಮೊದಲ ಮಕ್ಕಳಿಗಿ ನೋಡು" ಅಂದರು. ಎಲ್ಲರಿಗೂ ಅಂಥವರೇ ಸಿಗಬೇಕಲ್ಲ. ಸರ್ಕಾರಿ ನೌಕರನಾದ ಅಪ್ಪನಿಗೆ 15 ದಿನ ರಜೆ ಇದೆ. ಖಾಸಗಿಯಲ್ಲಿ ದುಡಿಯುವ ಅಪ್ಪನಿಗೆ ಕಾನೂನು ಒಂದು ದಿನವನ್ನೂ ಕೊಟ್ಟಿಲ್ಲ. ತಾಯಿಯ ಹೆರಿಗೆ ರಜೆ 2017ರ ತಿದ್ದುಪಡಿಯಲ್ಲಿ 26 ವಾರ ಆಯಿತು, ಒಳ್ಳೆಯದೇ. ಆದರೆ ಮಕ್ಕಳು ಎನ್‌ಐಸಿಯುನಲ್ಲಿ ಕಳೆದ ದಿನಗಳೂ ಅದರಲ್ಲೇ ಕರಗಿಹೋಗುತ್ತವೆ. ಒಂದು ಕೂಸಿಗೂ ಅಷ್ಟೇ, ಮೂರು ಕೂಸಿಗೂ ಅಷ್ಟೇ. ಬ್ರಿಟನ್ನಿನಲ್ಲಿ 2025ರ ಏಪ್ರಿಲ್‌ನಿಂದ ಹೊಸ ಕಾನೂನು ಬಂದಿದೆ. ಹುಟ್ಟಿದ ಮಗು ಒಂದು ವಾರಕ್ಕಿಂತ ಜಾಸ್ತಿ ಆಸ್ಪತ್ರೆಯಲ್ಲಿ ಉಳಿದರೆ, ತಾಯಿ-ತಂದೆ ಇಬ್ಬರಿಗೂ ಮಾಮೂಲಿ ರಜೆಯ ಮೇಲೆ 12 ವಾರದವರೆಗೆ ರಜೆ. ಅಷ್ಟು ಆಗದಿದ್ದರೆ ಬೇಡ, ಮಗು ಆಸ್ಪತ್ರೆಯಲ್ಲಿರುವಷ್ಟು ದಿನದ ಅರ್ಧವಾದರೂ ಕೊಡಿ. ನಮ್ಮ ಶಾಸಕರು, ಸಂಸದರು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಸದನದಲ್ಲಿ ಈ ಮಾತು ಎತ್ತಿ.

ತ್ರಿವಳಿಗಳ ಮನೆಯಲ್ಲಿ ಇನ್ನೊಂದು ಸಂಕಟ ಇದೆ, ಯಾರೂ ಅದನ್ನು ಮೊದಲೇ ಹೇಳುವುದಿಲ್ಲ. ಒಟ್ಟಿಗೆ ಹುಟ್ಟಿದವರು ಒಟ್ಟಿಗೆ ಮನೆಗೆ ಬರುವುದಿಲ್ಲ. ದೊಡ್ಡವಳು ಮತ್ತು ಮಗ ತೂಕ ಹಿಡಿದರು, ನಳಿಗೆ ಇಲ್ಲದೇ ಹಾಲು ಕುಡಿದರು, ಡಿಸ್ಚಾರ್ಜ್ ಆದರು. ಸಣ್ಣವಳು ಉಳಿದಳು. ಕರೆದುಕೊಂಡು ಹೋಗಲು ಬಂದ ನಮ್ಮವ್ವ ಎರಡು ಕೂಸು ಕೈಯಲ್ಲಿ ಹಿಡಿದು ಖುಷಿಪಡಬೇಕೋ ಅಳಬೇಕೋ ತಿಳಿಯದೇ ನಿಂತಳು. ಹೆಂಡತಿ ಮನೆಯಲ್ಲಿ ಇಬ್ಬರ ಜೊತೆ, ನಾನು ಆಸ್ಪತ್ರೆಯಲ್ಲಿ ಒಬ್ಬಳ ಜೊತೆ. ಐಸ್ ಡಬ್ಬಿಯಲ್ಲಿ ಹಾಲು ತರುವುದು ತಮ್ಮನ ಕೆಲಸ, ಮೇ ತಿಂಗಳ ಬಿಸಿಲು ಬೇರೆ. ಎದೆಗೆ ಹಾಕಿಕೊಳ್ಳುವುದನ್ನು, ಕುಡಿಸುವುದನ್ನು ನಾನು ಅಷ್ಟರಲ್ಲಿ ಕಲಿತಿರದಿದ್ದರೆ ಆ ಕೂಸಿನ ಹತ್ತಿರ ಮನೆಯವರು ಅಂತ ಯಾರಿರುತ್ತಿದ್ದರು? ಈ ಪ್ರಶ್ನೆಯನ್ನು ಆಸ್ಪತ್ರೆ ನಡೆಸುವವರು ಒಮ್ಮೆ ಕೇಳಿಕೊಳ್ಳಬೇಕು.

ಹೀಗೆ ಎರಡು ಕಡೆ ಹಂಚಿಹೋದಾಗ ತಪ್ಪಿಹೋಗುವುದು ಕಣ್ಣಿನ ತಪಾಸಣೆ. ದಿನ ತುಂಬದ ಮಕ್ಕಳ ಕಣ್ಣಿನ ಹಿಂಪದರದಲ್ಲಿ ರಕ್ತನಾಳ ತಪ್ಪಾಗಿ ಬೆಳೆದು ದೃಷ್ಟಿಯೇ ಹೋಗಬಹುದು. ಇದಕ್ಕೆ ಆರ್‌ಒಪಿ ಅನ್ನುತ್ತಾರೆ. 34 ವಾರದ ಒಳಗೆ ಅಥವಾ ಎರಡು ಕಿಲೋ ಒಳಗೆ ಹುಟ್ಟಿದ್ದರೆ 30 ದಿನ ತುಂಬುವ ಮೊದಲೇ ಕಣ್ಣು ತೋರಿಸಬೇಕು, ತೀರಾ ಸಣ್ಣ ಮಕ್ಕಳಿಗೆ ಇನ್ನೂ ಬೇಗ. ಹೊತ್ತಿಗೆ ಸಿಕ್ಕರೆ ಲೇಸರ್‌ನಿಂದ ಕಣ್ಣು ಉಳಿಸುತ್ತಾರೆ. ಮನೆಗೆ ಬಂದ ಮಕ್ಕಳದು, ಆಸ್ಪತ್ರೆಯಲ್ಲಿರುವ ಮಗುವಿನದು, ಎಲ್ಲರ ತಾರೀಖನ್ನೂ ಅಪ್ಪ ಬರೆದಿಟ್ಟುಕೊಳ್ಳಲಿ. ನೋಡುವಾಗ ಆಟವಾಡುತ್ತಿದೆ, ಕಣ್ಣು ಚೆನ್ನಾಗಿದೆ ಅಂತ ಬಿಡಬೇಡಿ, ಹೊರಗಿಂದ ಏನೂ ಕಾಣುವುದಿಲ್ಲ.

ಇವತ್ತು ಯಾವುದಾದರೂ ಎನ್‌ಐಸಿಯು ಮುಂದೆ ನಿಂತುಕೊಂಡು ಮೊಬೈಲಿನಲ್ಲಿ ಇದನ್ನು ಓದುತ್ತಿರುವ ಅಣ್ಣ, ತಮ್ಮ ಯಾರಾದರೂ ಇದ್ದರೆ ಕೇಳಿ. ಸ್ನಾನ ಮಾಡಿ, ಉಗುರು ಕತ್ತರಿಸಿ, ಮುಂದೆ ಗುಂಡಿ ಇರುವ ಒಗೆದ ಅಂಗಿ ಹಾಕಿಕೊಳ್ಳಿ. ಬೀಡಿ, ಗುಟ್ಕಾ ಇದ್ದರೆ ಬಿಟ್ಟುಬಿಡಿ. ಕೆಮ್ಮು, ನೆಗಡಿ ಇದ್ದರೆ ವಾಸಿಯಾಗುವವರೆಗೆ ತಡೆಯಿರಿ. ಆಮೇಲೆ ಸಿಸ್ಟರ್ ಹತ್ತಿರ ಹೋಗಿ, "ನಾ ಕೂಸಿನ ಅಪ್ಪ ಇದೀನ್ರಿ, ಕಾಂಗರೂ ಹಾಕೋದು ನನಗೂ ಕಲಿಸ್ರಿ" ಅನ್ನಿ. ಆಗುವುದಿಲ್ಲ ಅಂದರೆ ಜಗಳ ಮಾಡಬೇಡಿ, ವಾರ್ಡಿನ ಹಿರಿಯ ಡಾಕ್ಟರು ಎಷ್ಟೊತ್ತಿಗೆ ಬರುತ್ತಾರೆ ಕೇಳಿ. ಅವರು ಬಂದಾಗ 2017ರ ಮಾರ್ಗಸೂಚಿಯ ವಿಷಯ ಹೇಳಿ. ಅವತ್ತೂ ಆಗಲಿಲ್ಲ ಅಂದರೆ ಮರುದಿನ ಮತ್ತೆ ಕೇಳಿ.