ಬೀಗ ಬಿದ್ದ ಕಂಪ್ಯೂಟರಿನಲ್ಲಿ ಚಿತ್ರ ಬರೆಯಲು ಪವರ್‌ಪಾಯಿಂಟೇ ಸಾಕೇ?

ಪರ: ಧಾರಾಳವಾಗಿ ಸಾಕು

ಹೊಸ ತಂತ್ರಾಂಶ ಹಾಕಿಕೊಳ್ಳಲು ಅಡ್ಮಿನ್ ಪಾಸ್‌ವರ್ಡ್ ಬೇಕು. ಪೆನ್‌ಡ್ರೈವ್ ಚುಚ್ಚಿದರೆ ಕಂಪ್ಯೂಟರ್ ಗುರುತೇ ಹಿಡಿಯುವುದಿಲ್ಲ. ಇನ್‌ಸ್ಟಾಲ್ ಮಾಡದೆ ನಡೆಯುವ ಪೋರ್ಟಬಲ್ ಆವೃತ್ತಿಯನ್ನು ಇಳಿಸಿಕೊಂಡರೂ, ಅನುಮತಿಯಿಲ್ಲದ ತಂತ್ರಾಂಶಗಳನ್ನು ತಡೆಯುವ ವಿಂಡೋಸ್‌ನ ಕಾವಲುಗಾರ ಆಪ್‌ಲಾಕರ್ ಬಾಗಿಲಲ್ಲೇ ನಿಲ್ಲಿಸುತ್ತದೆ. ಇಂಥ ಯಂತ್ರದ ಮುಂದೆ ಕುಳಿತು ಯಾವ ತಂತ್ರಾಂಶ ಒಳ್ಳೆಯದು ಎಂದು ಚರ್ಚಿಸುವುದೇ ದಂಡ. ಇರುವುದು ಯಾವುದು ಎಂದು ಕೇಳಿ. ಇರುವುದು ಪವರ್‌ಪಾಯಿಂಟ್.

ಅದು ಸ್ಲೈಡ್ ತೋರಿಸುವುದಕ್ಕೆ ಮಾತ್ರ ಎನ್ನುವವರು 2013ರ ಆವೃತ್ತಿಯಿಂದ ಕಣ್ಣೆದುರೇ ಇರುವ 'ಮರ್ಜ್ ಶೇಪ್ಸ್' ಒತ್ತಿ ನೋಡಿಲ್ಲ. ಎರಡು ಆಕೃತಿಗಳನ್ನು ಬೆಸೆಯಬಹುದು, ಒಂದರಿಂದ ಇನ್ನೊಂದನ್ನು ಕೊರೆದು ತೆಗೆಯಬಹುದು. ವೃತ್ತದ ಅಂಚಿಗೆ ಸಣ್ಣ ಆಯತಗಳನ್ನಿಟ್ಟು ಕಳೆದರೆ ಹಲ್ಲುಚಕ್ರ ಸಿದ್ಧ. 'ಎಡಿಟ್ ಪಾಯಿಂಟ್ಸ್' ಗೆರೆಯನ್ನು ಬೇಕಾದಂತೆ ಬಾಗಿಸುತ್ತದೆ.

ಹಿಂದೆ ನಾನಿದ್ದ ಕಚೇರಿಯಲ್ಲಿ ಸಹೋದ್ಯೋಗಿಯೊಬ್ಬರು ಹಟ ಹಿಡಿದು ಬೇರೆ ತಂತ್ರಾಂಶ ತರಿಸಿಕೊಂಡರು. ಅರ್ಜಿ, ಸಮರ್ಥನೆ, ಭದ್ರತಾ ಪರಿಶೀಲನೆ, ಮೇಲಧಿಕಾರಿಯ ಸಹಿ ಎಂದು ನಾಲ್ಕು ತಿಂಗಳು ಹಿಡಿಯಿತು. ಅಷ್ಟರಲ್ಲಿ ನನ್ನ ಚಿತ್ರಗಳೊಂದಿಗೆ ಕೈಪಿಡಿ ಅಚ್ಚಿಗೆ ಹೋಗಿತ್ತು. ಮರುಮುದ್ರಣಕ್ಕೆ ಅವರು ಬರೆದರು. ಚೆನ್ನಾಗಿಯೇ ಬರೆದರು, ಒಪ್ಪುತ್ತೇನೆ. ಆಮೇಲೆ ವರ್ಗವಾಗಿ ಹೋದರು. ಒಂದು ವಾಲ್ವಿನ ಹೆಸರು ಬದಲಿಸಬೇಕಾಗಿ ಬಂದಾಗ ಅವರ ಫೈಲ್ ಒಬ್ಬರ ಯಂತ್ರದಲ್ಲೂ ತೆರೆಯಲಿಲ್ಲ. ರಾತ್ರಿ ಒಂಬತ್ತರವರೆಗೆ ಕುಳಿತು ಹದಿನಾಲ್ಕು ಚಿತ್ರಗಳನ್ನೂ ಮತ್ತೆ ಬರೆದವನು ನಾನು. ಬರೆದದ್ದು ಪವರ್‌ಪಾಯಿಂಟಿನಲ್ಲಿ. ಅವು ಎಲ್ಲರ ಯಂತ್ರದಲ್ಲೂ ತೆರೆಯುತ್ತವೆ. ಮತ್ತೊಮ್ಮೆ ಹೇಳುತ್ತೇನೆ, ಎಲ್ಲರ ಯಂತ್ರದಲ್ಲೂ.

ಮುದ್ರಣದಲ್ಲಿ ಮಸುಕಾಗುತ್ತದೆ ಎಂದು ಕೆಲವರ ದೂರು. ಕುಣಿಯಲಾರದವರಿಗೆ ನೆಲ ಯಾವಾಗಲೂ ಡೊಂಕು. ನಾವು ಬರೆಯುತ್ತಿರುವುದು ಕಲಾಪ್ರದರ್ಶನಕ್ಕಲ್ಲ, ವಾಲ್ವನ್ನು ಯಾವ ಕಡೆಗೆ ತಿರುಗಿಸಬೇಕೆಂದು ತೋರಿಸುವುದಕ್ಕೆ.

ವಿರೋಧ: ಸಾಲದು

ಈ ಪಕ್ಷ ನನ್ನ ಪಾಲಿಗೆ ಬಂದದ್ದು, ನಾನು ಆರಿಸಿಕೊಂಡದ್ದಲ್ಲ. ದಿನವೂ ಪವರ್‌ಪಾಯಿಂಟಿನಲ್ಲೇ ಬಾಣ ಎಳೆಯುವ ನಾನು ಬಹಳ ದನಿ ಏರಿಸಿದರೆ ಚೆನ್ನಾಗಿರುವುದಿಲ್ಲ.

ಆದರೂ ಮಸುಕಿಗೊಂದು ಲೆಕ್ಕವಿದೆ. ವಿಂಡೋಸ್‌ನಲ್ಲಿ ಸ್ಲೈಡನ್ನು ಚಿತ್ರವಾಗಿ ಉಳಿಸಿದರೆ, ಏನನ್ನೂ ಬದಲಿಸದಿದ್ದಲ್ಲಿ, ಇಂಚಿಗೆ 96 ಚುಕ್ಕಿ. ಅಗಲದ ಸ್ಲೈಡಿಗೆ 1280ಕ್ಕೆ 720 ಪಿಕ್ಸೆಲ್. ಮುದ್ರಣದವರು ಸಾಮಾನ್ಯವಾಗಿ ಕೇಳುವುದು 300 ಚುಕ್ಕಿ. ಹೆಚ್ಚಿಸಲು ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಟ್ಟುಕೊಳ್ಳುವ ರಿಜಿಸ್ಟ್ರಿಯನ್ನು ತಿದ್ದಬೇಕು, ನಮ್ಮಂಥವರ ಯಂತ್ರದಲ್ಲಿ ರಿಜಿಸ್ಟ್ರಿಯೇ ತೆರೆಯುವುದಿಲ್ಲ. ಪಿಡಿಎಫ್ ಮಾಡಿ ಪಾರಾಗಬಹುದು, ಅದೂ ನಿಜ.

ಚಿತ್ರ ಬರೆಯಲೆಂದೇ ಇರುವ ಇಂಕ್‌ಸ್ಕೇಪ್ ಎಂಬ ತಂತ್ರಾಂಶ 2003ರಿಂದಲೂ ಉಚಿತವಾಗಿ ಸಿಗುತ್ತಿದೆ. ಅದು ಉಳಿಸುವ ಎಸ್‌ವಿಜಿ ಎಂಬ ಫೈಲ್ ರೂಪಕ್ಕೆ ವೆಬ್‌ನ ಮಾನದಂಡಗಳನ್ನು ರೂಪಿಸುವ ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಂ 2001ರಲ್ಲೇ ಮನ್ನಣೆ ಕೊಟ್ಟಿದೆ. ಯಾವ ಬ್ರೌಸರ್ ಆದರೂ ಅದನ್ನು ತೋರಿಸುತ್ತದೆ. ಒಳಗಿರುವುದು ಬರಿಯ ಪಠ್ಯ, ಹಾಗಾಗಿ ಅಕ್ಷರಗಳನ್ನು ಗೆರೆಗಳಾಗಿ ಮಾರ್ಪಡಿಸಿರದಿದ್ದರೆ ವಾಲ್ವಿನ ಹೆಸರನ್ನು ನೋಟ್‌ಪ್ಯಾಡಿನಲ್ಲೇ ತಿದ್ದಬಹುದು. ಹದಿನಾಲ್ಕು ಚಿತ್ರಗಳನ್ನು ಮತ್ತೆ ಬರೆದ ಮಿತ್ರರಿಗೆ ಇದನ್ನು ಯಾರೂ ಹೇಳಿರಲಿಲ್ಲ ಎಂದು ಕಾಣುತ್ತದೆ.

ನಾಲ್ಕು ತಿಂಗಳ ಅನುಮತಿಯ ವಿಷಯ ಬಂದರೆ, ಅರ್ಜಿಯನ್ನು ಬೇಗ ಹಾಕಬೇಕು ಎನ್ನುವುದಷ್ಟೇ ನನ್ನ ಉತ್ತರ. ನಾನು ಹಾಕಿ ಎಂಟು ವಾರವಾಯಿತು. 'ಉದ್ದೇಶ' ಎಂಬಲ್ಲಿ 'ಚಿತ್ರ ಬರೆಯಲು' ಎಂದು ತುಂಬಿದ್ದೆ. ವಿವರ ಸಾಲದೆಂದು ಮೊನ್ನೆ ವಾಪಸ್ ಬಂದಿದೆ.