ಕೆಂಪು ಗಾಳಿ ಹಸಿರಾಗುವ ಬಗೆ

ಗಾಳಿಗೆ ಬಣ್ಣವಿಲ್ಲ ಎಂದು ಶಾಲೆಯಲ್ಲಿ ಕಲಿತವರು ಯಾವುದಾದರೂ ಗಗನಚುಂಬಿ ಕಟ್ಟಡದ ಅನುಮತಿ ಅರ್ಜಿಯನ್ನು ಒಮ್ಮೆ ಬಿಚ್ಚಿ ನೋಡಬೇಕು. ಕಟ್ಟಡ ಎದ್ದರೆ ಸುತ್ತಲಿನ ಬೀದಿಗಳಲ್ಲಿ ಗಾಳಿ ಹೇಗೆ ಬೀಸೀತೆಂದು ಕಂಪ್ಯೂಟರಿನಲ್ಲಿ ಲೆಕ್ಕಹಾಕಿ ಅದಕ್ಕೆ ಲಗತ್ತಿಸಿದ ಗಾಳಿ ವರದಿಯಲ್ಲಿ ಗಾಳಿಗೆ ಇಲ್ಲದ ಬಣ್ಣವೇ ಇಲ್ಲ. ವಿನಯವಂತ ಗಾಳಿ ನೀಲಿ, ನಡುಮಟ್ಟದ್ದು ಹಸಿರು, ತುಸು ತುಂಟತನದ್ದು ಹಳದಿ, ಕಟ್ಟಡದ ಮೂಲೆಯಲ್ಲಿ ರೊಯ್ಯನೆ ತಿರುಗುವುದು ಕೆಂಪು. ಸಭೆಯ ಪರದೆಯ ಮೇಲೆ ಈ ಚಿತ್ರ ಮೂಡಿದೊಡನೆ ಸಮಿತಿಯ ಸದಸ್ಯರ ಮುಖದಲ್ಲಿ ಭಕ್ತಿಭಾವ ಆವರಿಸುತ್ತದೆ. ಅಂಕಿಗಳ ಪಟ್ಟಿಯಾಗಿದ್ದರೆ ಯಾರಾದರೂ ಕೊಕ್ಕೆ ಹಾಕುತ್ತಿದ್ದರು. ಕಾಮನಬಿಲ್ಲಿಗೆ ಕೊಕ್ಕೆ ಹಾಕುವುದು ಹೇಗೆ?

ಆದರೂ ಎಲ್ಲ ಸಮಿತಿಗಳಲ್ಲೂ ಒಬ್ಬ ತರಲೆ ಸದಸ್ಯರು ಇದ್ದೇ ಇರುತ್ತಾರೆ. "ಆ ಮೂಲೆಯಲ್ಲೇಕೆ ಅಷ್ಟು ಕೆಂಪು?" ಎಂದು ಕೇಳಿಬಿಡುತ್ತಾರೆ. "ಪರಿಶೀಲಿಸುತ್ತೇವೆ" ಎಂಬ ಉತ್ತರ ಬರುತ್ತದೆ. ಮುಂದಿನ ಸಭೆಯ ಹೊತ್ತಿಗೆ ಕೆಂಪು ಮಾಯ! ಕಟ್ಟಡ ಒಂದಂಗುಲವೂ ಕದಲಿಲ್ಲ, ಗಾಳಿಯೂ ಮನಸ್ಸು ಬದಲಿಸಿಲ್ಲ. ಬದಲಾದದ್ದು ಚಿತ್ರದ ಪಕ್ಕದ ಬಣ್ಣದ ಪಟ್ಟಿ. ಮೊದಲು ಆ ಪಟ್ಟಿಯ ಕೆಂಪು ತುದಿ ಸೆಕೆಂಡಿಗೆ 10 ಮೀಟರಿಗೆ ನಿಂತಿತ್ತು, ಈಗ 20ಕ್ಕೆ ಏರಿದೆ. 9 ಮೀಟರ್ ವೇಗದ ಅದೇ ಗಾಳಿ ಅಂದು ರಕ್ತವರ್ಣದ್ದು, ಇಂದು ಗರಿಕೆಯ ಹಸಿರು. ಗೋಪುರದ ಎತ್ತರ ತಗ್ಗಿಸುವುದಕ್ಕಿಂತ ಪಟ್ಟಿಯ ತುದಿ ಏರಿಸುವುದು ಎಷ್ಟೋ ಅಗ್ಗ.

ಚಿತ್ರದ ಹಿಂದಿರುವ ಲೆಕ್ಕದ ಕಡೆಗೂ ಸ್ವಲ್ಪ ಇಣುಕೋಣ. ಗಾಳಿಯ ಹರಿವನ್ನು ಹೇಳುವುದು ನೇವಿಯರ್-ಸ್ಟೋಕ್ಸ್ ಸಮೀಕರಣಗಳು. ಮೂರು ಆಯಾಮಗಳಲ್ಲಿ ಅವುಗಳಿಗೆ ಸದಾಕಾಲ ನಯವಾದ ಉತ್ತರ ಇದ್ದೇ ಇರುತ್ತದೆಯೇ ಎಂಬುದನ್ನು ಇತ್ಯರ್ಥ ಮಾಡಿದವರಿಗೆ 10 ಲಕ್ಷ ಡಾಲರ್ ಕೊಡುವುದಾಗಿ ಕ್ಲೇ ಗಣಿತ ಸಂಸ್ಥೆ 2000ದಲ್ಲಿ ಸಾರಿತು. ಆ ಹಣವನ್ನು ಇನ್ನೂ ಯಾರೂ ಒಯ್ದಿಲ್ಲ. ಇತ್ತ ಗಾಳಿ ವರದಿ ಮಾತ್ರ ಸಭೆಯ ದಿನಾಂಕಕ್ಕೆ ಸರಿಯಾಗಿ ಕೈಸೇರುತ್ತದೆ. (ಈ ಚುಚ್ಚುಮಾತು ತುಸು ಅನ್ಯಾಯದ್ದು ಎಂದು ಬಲ್ಲೆ. ಗಣಿತಜ್ಞರ ಸಾಧನೆ ಬೇರೆ, ಎಂಜಿನಿಯರರ ಅಂದಾಜು ಬೇರೆ. ಅಂದಾಜು ಮಾಡುವುದು ತಪ್ಪಲ್ಲ, ಅಂದಾಜಿಗೆ ರೇಷ್ಮೆ ಶಾಲು ಹೊದಿಸಿ ಸಾಕ್ಷಿ ಕಟ್ಟೆಗೆ ಹತ್ತಿಸುವುದು ತಪ್ಪು.)

ಗಾಳಿಯ ಪ್ರತಿಯೊಂದು ಸುಳಿಯನ್ನೂ ಲೆಕ್ಕಹಾಕಲು ಯಾವ ಕಂಪ್ಯೂಟರಿಗೂ ಪುರುಸೊತ್ತಿಲ್ಲ. ಆದ್ದರಿಂದ ಜಾಗವನ್ನು ಲಕ್ಷಗಟ್ಟಲೆ ಕೋಶಗಳಾಗಿ ಹೆಚ್ಚಿ, ಸುಳಿಗಳ ಪರವಾಗಿ ಒಂದು ಮಾದರಿಯನ್ನು ಕೂರಿಸುತ್ತಾರೆ. ಬಹುಕಾಲದಿಂದ ಕೂತಿರುವುದು ಕೆ-ಎಪ್ಸಿಲಾನ್ ಎಂಬ ಮಾದರಿ. 1970ರ ದಶಕದ ಆರಂಭದಲ್ಲಿ ರೂಪುಗೊಂಡ ಇದರಲ್ಲಿ ಐದು ಸ್ಥಿರಾಂಕಗಳಿವೆ. 0.09, 1.44, 1.92 ಅವುಗಳಲ್ಲಿ ಮೂರು. ಸರಳವಾದ ಹರಿವುಗಳಿಗೆ ಹೊಂದಿಸಿ ಪಡೆದ ಸಂಖ್ಯೆಗಳಿವು. ಚೌಕಾಕಾರದ ಕಟ್ಟಡವನ್ನು ಎದುರಿಗೆ ನಿಲ್ಲಿಸಿದರೆ ಮಾತ್ರ ಈ ಮಾದರಿಗೆ ಕಣ್ಣು ಕತ್ತಲಿಡುತ್ತದೆ. ಗಾಳಿ ಬಂದು ಬಡಿಯುವ ಗೋಡೆಯ ಮುಂದೆ ಇಲ್ಲದ ಪ್ರಕ್ಷುಬ್ಧತೆಯನ್ನು, ಅಂದರೆ ಸುಳಿಗಳ ಗದ್ದಲವನ್ನು, ಹುಟ್ಟಿಸುತ್ತದೆ. ಅದರ ದೆಸೆಯಿಂದ, ಛಾವಣಿಯ ಅಂಚಿನಲ್ಲಿ ಗಾಳಿ ಕಿತ್ತುಕೊಂಡು ಮೇಲೆ ಹಾರುವುದು ಲೆಕ್ಕದಲ್ಲಿ ಕಾಣಿಸುವುದೇ ಇಲ್ಲ. ನಿಜವಾದ ಛಾವಣಿಯನ್ನು ಗಾಳಿ ಮೇಲಕ್ಕೆ ಎಳೆಯುವುದು ಅಲ್ಲಿಯೇ. ಈ ದೋಷ ಗುಟ್ಟೇನೂ ಅಲ್ಲ. ಅದನ್ನು ಬಯಲಿಗೆಳೆದವರೂ ತಿದ್ದುಪಡಿ ಸೂಚಿಸಿದವರೂ ಈ ಕ್ಷೇತ್ರದ ಪಂಡಿತರೇ. ಇಂಗ್ಲೆಂಡಿನ ಸಿಲ್ಸೋದಲ್ಲಿ 6 ಮೀಟರಿನ ಘನವೊಂದನ್ನು ಬಯಲಿನಲ್ಲಿ ನಿಲ್ಲಿಸಿ, ನಿಜವಾದ ಗಾಳಿಗೆ ಒಡ್ಡಿ, ಅಳೆದು ಹೋಲಿಸುವಷ್ಟು ಪ್ರಾಮಾಣಿಕರು ಅವರು. ಅವರ ಎಚ್ಚರಿಕೆಗಳೆಲ್ಲ ಪ್ರಬಂಧಗಳಲ್ಲಿವೆ, ಬಣ್ಣಗಳು ಮಾತ್ರ ವರದಿಗಳಿಗೆ ಬಂದಿವೆ.

ಇನ್ನು ಸರಾಸರಿಯ ಮಹಿಮೆ. ಇಂಥ ಅಗ್ಗದ ಲೆಕ್ಕಗಳು ಹೇಳುವುದು ಗಾಳಿಯ ಸರಾಸರಿ ವೇಗವನ್ನು. ಛತ್ರಿ ಮಗುಚುವುದು, ಸೈಕಲ್ಲು ಉರುಳುವುದು ಬೀಸುಗಾಳಿಯ ಒಂದು ಹೊಡೆತಕ್ಕೆ. ಇಡೀ ಗಂಟೆಯ ಸರಾಸರಿಗೆ ಯಾರ ಟೊಪ್ಪಿಗೆಯೂ ಹಾರಿದ್ದಿಲ್ಲ. ಕಂಪ್ಯೂಟರಿಗೆ ಮುಂಚೆಯೂ ಈ ಸರಾಸರಿ ಪ್ರೇಮವಿತ್ತು. ಯಾರ್ಕ್‌ಷೈರಿನ ಫೆರಿಬ್ರಿಡ್ಜ್ ವಿದ್ಯುತ್ ಸ್ಥಾವರದಲ್ಲಿ ನೀರು ತಣಿಸುವ ಎಂಟು ಶೈತ್ಯಗೋಪುರಗಳಿದ್ದವು. ಗಾಳಿಗೋಪುರಗಳಲ್ಲ, ಒಂದೊಂದೂ ನೂರು ಮೀಟರಿಗಿಂತ ಎತ್ತರದ ಕಾಂಕ್ರೀಟಿನವು. ವಿನ್ಯಾಸಕ್ಕೆ ಹಿಡಿದದ್ದು ಒಂದು ನಿಮಿಷದ ಸರಾಸರಿ ಗಾಳಿ. ವಿಂಡ್ ಟನಲ್ಲಿನಲ್ಲಿ, ಅಂದರೆ ಪುಟ್ಟ ಪ್ರತಿಕೃತಿಯ ಮೇಲೆ ಗಾಳಿ ಹಾಯಿಸಿ ನೋಡುವ ಸುರಂಗದಲ್ಲಿ, ಪರೀಕ್ಷೆಗೆ ಇಟ್ಟದ್ದು ಒಂಟಿ ಗೋಪುರ. 1965ರ ನವೆಂಬರ್ 1ರಂದು ಮೂರು ಗೋಪುರಗಳು ಕುಸಿದವು. ಬಿದ್ದವು ಗಾಳಿಗೆ ಎದೆಯೊಡ್ಡಿದ ಮುಂದಿನ ಸಾಲಿನವಲ್ಲ, ಅವುಗಳ ಮರೆಯಲ್ಲಿ ಸುರಕ್ಷಿತವೆಂದು ಕಾಣುತ್ತಿದ್ದ ಹಿಂದಿನ ಸಾಲಿನವು. ನೆರೆಹೊರೆಯನ್ನೂ ಲೆಕ್ಕಕ್ಕೆ ಸೇರಿಸಬೇಕೆಂದು ಇಂದಿನ ಮಾರ್ಗಸೂಚಿಗಳು ಹೇಳುತ್ತವೆ. ಸೇರಿಸುತ್ತಾರೆ, ಬೆಂಕಿಪೊಟ್ಟಣದಂತೆ ನುಣುಪಾಗಿ.

ಬಣ್ಣದ ಪಟ್ಟಿಯನ್ನು ಎಳೆದಾಡಿದರೂ ಕೆಂಪು ಹೋಗದಿದ್ದರೆ ಮರ ನೆಡುವುದು ಮುಂದಿನ ಮದ್ದು. ಕಂಪ್ಯೂಟರಿನಲ್ಲಿ ಮರ ನೆಡಲು ಗುಂಡಿ ತೋಡಬೇಕಿಲ್ಲ, ಗಾಳಿಯನ್ನು ತಡೆಯುವ ಒಂದಿಷ್ಟು ಕೋಶಗಳಿದ್ದರೆ ಸಾಕು. ಅಂಥ ಮರ ನೆಟ್ಟ ದಿನವೇ ಪೂರ್ತಿ ಬೆಳೆದಿರುತ್ತದೆ, ವರ್ಷವಿಡೀ ಎಲೆ ತುಂಬಿ ನಿಂತಿರುತ್ತದೆ. ಬೀದಿಗೆ ಬರುವ ಸಸಿ ಬೆರಳು ಗಾತ್ರದ್ದು. ಶೀತ ದೇಶಗಳಲ್ಲಿ ಗಾಳಿ ಜೋರಾಗಿ ಬೀಸುವ ಚಳಿಗಾಲದಲ್ಲಿ ಅದರ ಮೈಮೇಲೆ ಒಂದೆಲೆಯೂ ಇರುವುದಿಲ್ಲ.

ಕಟ್ಟಡ ಎದ್ದ ಮೇಲೆ ಸತ್ಯ ನೆಲಕ್ಕಿಳಿಯುತ್ತದೆ. ಲಂಡನ್ನಿನ 20 ಫೆನ್‌ಚರ್ಚ್ ಸ್ಟ್ರೀಟ್ ಗೋಪುರ 2013ರಲ್ಲಿ ಬಿಸಿಲನ್ನು ಕೇಂದ್ರೀಕರಿಸಿ ಬೀದಿಯಲ್ಲಿ ನಿಂತ ಕಾರಿನ ಭಾಗಗಳನ್ನು ಕರಗಿಸಿತ್ತು. 2015ರ ಹೊತ್ತಿಗೆ, ಅದು ಗಾಳಿಯನ್ನು ಕೆಳಗೆ ನೂಕಿ ಪಾದಚಾರಿಗಳನ್ನು ಓಲಾಡಿಸುತ್ತಿದೆ ಎಂಬ ದೂರು ಎದ್ದಿತು. ಅರ್ಜಿಗಳ ವರದಿಯಲ್ಲಿ ಕಂಡ ಗಾಳಿಗೂ ಬೀದಿಯಲ್ಲಿ ಬೀಸುವ ಗಾಳಿಗೂ ವ್ಯತ್ಯಾಸವಿದೆ ಎಂದು ನಗರಾಡಳಿತವೇ ಒಪ್ಪಿತು. 2019ರ ಅದರ ಮಾರ್ಗಸೂಚಿ, ತೀರ ಎತ್ತರದ ಕಟ್ಟಡಗಳಿಗೆ ಕಂಪ್ಯೂಟರ್ ಲೆಕ್ಕದ ಜೊತೆಗೆ ವಿಂಡ್ ಟನಲ್ ಪರೀಕ್ಷೆಯನ್ನೂ ಬಯಸುತ್ತದೆ. ಲೀಡ್ಸ್‌ನ ಬ್ರಿಜ್‌ವಾಟರ್ ಪ್ಲೇಸ್ ಎಂಬ ಗೋಪುರದ ಬಗ್ಗೆ ನಗೆಮಾತು ಬರೆಯಲು ಮನಸ್ಸು ಒಪ್ಪುವುದಿಲ್ಲ. 2011ರಲ್ಲಿ ಅದರ ಬುಡದಲ್ಲಿ ಗಾಳಿಗೆ ಲಾರಿ ಮಗುಚಿ ದಾರಿಹೋಕರೊಬ್ಬರು ಸತ್ತರು. ಆಮೇಲೆ ಗಾಳಿ ಜೋರಾದಾಗಲೆಲ್ಲ ರಸ್ತೆ ಮುಚ್ಚಬೇಕಾಯಿತು, ಕೊನೆಗೆ ಗಾಳಿ ತಡೆಯಲು ರಸ್ತೆಯ ಮೇಲೆಯೇ ಲೋಹದ ತಡೆಗಳನ್ನು ನಿಲ್ಲಿಸಬೇಕಾಯಿತು.

ಇಷ್ಟಾದರೂ ಹೆದರಬೇಕಿಲ್ಲ, ಪಾರಾಗುವ ದಾರಿ ಮಾನದಂಡದಲ್ಲಿಯೇ ಇದೆ. ಬೀದಿಯ ಗಾಳಿ ಪಾದಚಾರಿಗಳಿಗೆ ಹಿತವೇ ಎಂದು ಅಳೆಯುವ ಲಾಸನ್ ಮಾನದಂಡದ ಒಂದು ರೂಪದ ಪ್ರಕಾರ ಕೂರುವ ಜಾಗದಲ್ಲಿ ಗಾಳಿ ಸೆಕೆಂಡಿಗೆ 4 ಮೀಟರ್ ದಾಟಬಾರದು, ನಿಲ್ಲುವಲ್ಲಿ 6, ಅಡ್ಡಾಡುವಲ್ಲಿ 8. ನೂರರಲ್ಲಿ 5 ಪಾಲು ಹೊತ್ತು ಮಾತ್ರ ಮಾಫಿ. ಕಟ್ಟಡದ ಮುಂದಿನ ಬೆಂಚಿನ ಬಳಿ 7 ಬಂದರೆ ಗಾಳಿಯನ್ನು ಇಳಿಸಬೇಕಿಲ್ಲ, ನಕ್ಷೆಯಿಂದ ಬೆಂಚನ್ನು ಅಳಿಸಿದರಾಯಿತು. ಕೂರುವ ಜಾಗ ಅಡ್ಡಾಡುವ ಜಾಗವಾಗಿ ಅದೇ ಗಾಳಿ ಪಾಸಾಗುತ್ತದೆ. 9 ಬಂದರೂ ಚಿಂತೆಯಿಲ್ಲ. ಕೆಲಸದ ಅವಸರದಲ್ಲಿ ಬಿರುಸಾಗಿ ನಡೆಯುವವರಿಗೆಂದು 10 ಮೀಟರಿನ ಇನ್ನೊಂದು ವರ್ಗವಿದೆ. ಆ ಬೀದಿಗೆ ಬರುವವರೆಲ್ಲರೂ ಅವಸರದವರೇ ಎಂದು ವರದಿಯಲ್ಲಿ ಒಂದು ಸಾಲು ಸೇರಿಸಿದರೆ ಸಮಿತಿ ಊಟಕ್ಕೆ ಏಳಬಹುದು.